ಕೊಕ್ಕರೆ, ಬಾತುಕೋಳಿ, ಮೀಸೆ, ಬಾವಿ

ಅಂಗಡಿಯ ಹಿಂದಿನ ಕೋಣೆ
ಭಾನುವಾರ, ಮಾರ್ಚ್ ೯

ಪ್ರೀತಿಯ ಅಕ್ಕಾ,

ನಿನ್ನ ಕತ್ತುನೋವು ಹೇಗಿದೆ? ಆಸ್ಪತ್ರೆಯ ಉಗ್ರಾಣದಲ್ಲಿ ದಿನವಿಡೀ ಮೇಲಿನ ಕಪಾಟಿನತ್ತ ಮುಖವೆತ್ತಿ ನಿಂತರೆ ನೋಯದೆ ಇನ್ನೇನಾದೀತು, ಕೇಳಿ ಒಂದು ಏಣಿ ಹಾಕಿಸಿಕೋ. ನಮ್ಮ ಅಂಗಡಿಯ ನಲ್ಲಿ, ಪೈಪುಗಳಿಗೆಲ್ಲ ಅಡ್ಡಹೆಸರಿಟ್ಟ ಹಾಗೆ ಅಲ್ಲಿನ ಔಷಧಿಗಳಿಗೂ ಇಟ್ಟಿಲ್ಲವೆಂದು ನಂಬಿದ್ದೇನೆ. ಅಮ್ಮ ಚೆನ್ನಾಗಿದ್ದಾಳೆ, ನಾನೂ ಚೆನ್ನಾಗಿದ್ದೇನೆ. ಅಪ್ಪನ ವಿಷಯ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೆ. ಅವರು ಪಕ್ಕದಲ್ಲೇ ಇರುತ್ತಿದ್ದರು, ಪೂರ್ತಿ ಹೇಳಲಾಗಲಿಲ್ಲ. ಈಗ ನೆಮ್ಮದಿಯಾಗಿ ಬರೆಯುವ ಹಾಗಾಗಿದೆ, ಅದಕ್ಕೇ ಕೂತಿದ್ದೇನೆ.

ಪಾರ್ಶ್ವವಾಯು ಬಡಿದ ಮೇಲೆ ಅಪ್ಪನ ಕೈ ಸರಿಹೋಯಿತು, ಮಾತು ಬಂತು, ಬೈಗುಳವಂತೂ ಎಲ್ಲಕ್ಕಿಂತ ಮೊದಲೇ ಬಂತು. ಮರಳದೆ ಉಳಿದದ್ದು ಒಂದೇ, ಕೇಳಿದ್ದನ್ನು ಅರೆಗಳಿಗೆ ಹಿಡಿದಿಟ್ಟುಕೊಳ್ಳುವ ಶಕ್ತಿ. ಹಳೆಯದೆಲ್ಲ ನೆನಪಿದೆ. ಈಗತಾನೇ ಹೇಳಿದ ನಾಲ್ಕು ಪದಗಳಲ್ಲಿ ಮಾತ್ರ ಕೊನೆಯದೊಂದು ಉಳಿದು ಮಿಕ್ಕವು ಜಾರಿಹೋಗುತ್ತಿದ್ದವು. ಬೇರೆಯವರಿಗಾದರೆ ಇದು ಸಣ್ಣ ತೊಂದರೆ, ಅಪ್ಪನಿಗೆ ಅದೇ ಕಸುಬು. ಪ್ಲಂಬರ್ ಹೇಳುವ ಪಟ್ಟಿಯನ್ನು ಕೇಳಿಸಿಕೊಂಡು, ಹಿಂದಕ್ಕೆ ತಿರುಗಿ ಅಟ್ಟದಲ್ಲಿರುವವರಿಗೆ ಕೂಗಬೇಕು. ಚೀಟಿ ಬರೆಯುವುದೆಂದರೆ ಅವರಿಗೆ ಸೋಲೊಪ್ಪಿದ ಹಾಗೆ. ಕೌಂಟರಿಗೆ ಮರಳಿ ಕೂತ ಮೊದಲ ವಾರವೇ ನಮ್ಮ ಬೋಳುತಲೆಯ ಪ್ಲಂಬರ್, ಪಾಪ ಕೆಟ್ಟವನಲ್ಲ, “ಯಜಮಾನ್ರೇ, ನಾನು ಹೇಳಿದ್ದು ನಾಲ್ಕು, ನೀವು ಕೂಗಿದ್ದು ಒಂದು” ಎಂದು ನಕ್ಕ. ಅಪ್ಪ ನಗಲಿಲ್ಲ. ಬೀಗದಕೈ ಗೊಂಚಲನ್ನು ನನ್ನ ಮುಂದಿಟ್ಟು ಮನೆಗೆ ನಡೆದರು. ಆಮೇಲೆ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಒಂದು ದಿನ ಊಟದ ನಡುವೆ “ಯಾರಾದ್ರೂ ತಗೊಳ್ಳೋರಿದ್ರೆ ಕೊಟ್ಬಿಡು” ಎಂದರು. ಅಂಗಡಿಯನ್ನು, ಅಕ್ಕಾ. ಉಪ್ಪಿನ ಡಬ್ಬಿ ಈ ಕಡೆ ಸರಿಸು ಅನ್ನುವಷ್ಟು ಸಲೀಸಾಗಿ.

ಮಾತಿನ ಚಿಕಿತ್ಸೆಗೆಂದು ಒಬ್ಬರು ಮೇಡಂ ಮನೆಗೆ ಬರುತ್ತಾರೆ. ಪದಗಳನ್ನು ಮೆಲ್ಲಗೆ ಓದಿ ಅದೇ ಕ್ರಮದಲ್ಲಿ ತಿರುಗಿ ಹೇಳಿಸುತ್ತಾರೆ. ‘ಅಭಿಪ್ರಾಯ, ಸಂದರ್ಭ, ಪರಿಣಾಮ’ ಎಂದರೆ ಅಪ್ಪ ಕಿಟಕಿ ನೋಡುತ್ತಿದ್ದರು. ‘ಬೆಕ್ಕು, ಕೊಡ, ಬೀಗ’ ಎಂದರೆ ಮೂರನ್ನೂ ಒಪ್ಪಿಸುತ್ತಿದ್ದರು. ಮೇಡಂ ನನಗೆ ಬಿಡಿಸಿ ಹೇಳಿದರು: ಉದ್ದನೆಯ ಪದಕ್ಕಿಂತ ಗಿಡ್ಡದ್ದು ಚೆನ್ನಾಗಿ ನಿಲ್ಲುತ್ತದಂತೆ, ಅಪರೂಪದ್ದಕ್ಕಿಂತ ದಿನಬಳಕೆಯದು, ಬರೀ ವಿಚಾರಕ್ಕಿಂತ ಕಣ್ಣಿಗೆ ಕಟ್ಟುವಂಥದು. ದನಿ ಒಂದೇ ಥರ ಇದ್ದರೆ ಒಂದಕ್ಕೊಂದು ಕಲೆಸಿಹೋಗುತ್ತವಂತೆ. ಎಲ್ಲರ ತಲೆಯೂ ಹೀಗೆಯೇ, ಇವರ ಹಿಡಿತ ಸಡಿಲವಾದ್ದರಿಂದ ಎದ್ದು ಕಾಣುತ್ತದೆ ಅಷ್ಟೇ, ಎಂದರು. ನನಗೆ ತಟ್ಟನೆ ಒಪ್ಪಿಗೆಯಾಯಿತು. ದೂರದೇಶದ ಕಾದಂಬರಿಗಳ ಅನುವಾದ ಓದುವಾಗ, ಮಾರುದ್ದದ ಹೆಸರಿನ ಅಣ್ಣತಮ್ಮಂದಿರನ್ನು ಪುಟ ಮಗುಚುವುದರೊಳಗೆ ಅದಲುಬದಲು ಮಾಡುತ್ತೇನಲ್ಲ. ಕೆಂಪು ಗಡ್ಡದವನು ಮಾತ್ರ ಕೊನೆಯವರೆಗೂ ಜೊತೆಗಿರುತ್ತಾನೆ.

ಅಂಗಡಿಯ ಪದಗಳಲ್ಲಿ ಕೇಳಿ ನೋಡಿ, ಎಂದರು ಮೇಡಂ. ಹೊರಗೆ ತಿರುಪಿನ ಥ್ರೆಡ್ ಇರುವ ಅಡಾಪ್ಟರ್, ಒಳಗೆ ಥ್ರೆಡ್ ಇರುವ ಅಡಾಪ್ಟರ್ ಎಂದು ನಾನು ಶುರುಮಾಡಿದೆ. ಆ ಎರಡರಲ್ಲೇ ಅಪ್ಪ ತಡವರಿಸಿದರು, ಮುಖ ಬಾಡಿಹೋಯಿತು. ಅಷ್ಟರಲ್ಲಿ ಬಟ್ಟೆ ಮಡಚುತ್ತಿದ್ದ ಅಮ್ಮ ತಲೆಯೆತ್ತದೆ “ಅವಳಿಟ್ಟ ಹೆಸರಲ್ಲಿ ಕೇಳೋ” ಎಂದಳು. ಅಟ್ಟಕ್ಕೆ ಹತ್ತುವಷ್ಟರಲ್ಲಿ ಪಟ್ಟಿ ಉದುರಿಹೋಗುತ್ತದೆಂದು ನೀನು ಮಾಡಿಕೊಂಡಿದ್ದ ಹೆಸರುಗಳು. ಬಾಗಿದ ಕತ್ತಿನ ನಲ್ಲಿಗೆ ಕೊಕ್ಕರೆ, ಟ್ಯಾಂಕಿನಲ್ಲಿ ತೇಲುವ ಬುರುಡೆಗೆ ಬಾತುಕೋಳಿ, ಪೈಪನ್ನು ಗೋಡೆಗೆ ಹಿಡಿಸುವ ಕ್ಲಿಪ್ಪಿಗೆ ಮೀಸೆ, ಒಳಗೆ ಥ್ರೆಡ್ ಇರುವುದಕ್ಕೆ ಬಾವಿ. ಅಪ್ಪ ಕೇಳಿದಾಗಲೆಲ್ಲ “ಇದು ಅಂಗಡಿಯೋ ಶಿಶುವಿಹಾರವೋ” ಎನ್ನುತ್ತಿದ್ದರು. ನೀನು ಕೌಂಟರಿನಲ್ಲಿ ಕೂರುತ್ತೇನೆಂದಾಗ “ಗಿರಾಕಿ ಮುಂದೆ ಕೊಕ್ಕರೆ ಬಾತುಕೋಳಿ ಅಂತ ಕೂಗಿ ನನ್ನ ಮಾನ ಕಳೀಬೇಡ” ಎಂದು ನನ್ನನ್ನು ಕೂರಿಸಿದರು. ಆಮೇಲಲ್ಲವೇ ನೀನು ಬೇರೆ ಊರಿನ ಕೆಲಸ ಹಿಡಿದದ್ದು. ಅಪ್ಪ ಇಲ್ಲಿನ ಆಸ್ಪತ್ರೆಯಲ್ಲಿದ್ದಾಗಲೂ ಅವರು ನಿದ್ದೆಯಲ್ಲಿರುವಾಗ ಬಂದು ನೋಡಿ, ಎಚ್ಚರಾಗುವ ಮೊದಲೇ ಹೊರಟೆ.

ನಾನು ಕೇಳಿದೆ. ಕೊಕ್ಕರೆ, ಬಾತುಕೋಳಿ, ಮೀಸೆ, ಬಾವಿ. ಅಪ್ಪ ಗೋಡೆಯನ್ನೇ ನೋಡುತ್ತ ಒಂದೊಂದಾಗಿ ನಾಲ್ಕನ್ನೂ ಹೇಳಿದರು, ಅದೇ ಕ್ರಮದಲ್ಲಿ. ಮುಗಿಸಿ “ಶಿಶುವಿಹಾರ” ಎಂದೂ ಸೇರಿಸಿದರು. ಅದು ಪಟ್ಟಿಯಲ್ಲಿರಲಿಲ್ಲವಲ್ಲ ಎಂದು ಮೇಡಂ ಗಾಬರಿಯಾದರು. ಅಮ್ಮ ನಕ್ಕು ನಕ್ಕು, ಮಡಚಿಟ್ಟ ಟವೆಲ್ಲನ್ನೇ ಬಿಚ್ಚಿ ಕಣ್ಣೊರೆಸಿಕೊಂಡಳು. ಅಷ್ಟು ವರ್ಷ ಬೈಯುತ್ತ ಬೈಯುತ್ತಲೇ ಅಪ್ಪ ನಿನ್ನ ಹೆಸರುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದರು.

ಈಗ ಅವರು ಕೌಂಟರಿನಲ್ಲಿದ್ದಾರೆ, ನಾನು ಅಟ್ಟದಲ್ಲಿ. ಗಿರಾಕಿ ಉದ್ದನೆಯ ಹೆಸರು ಹೇಳಿದರೆ ತುಟಿಯಲ್ಲೇ ನಿನ್ನ ಹೆಸರಿಗೆ ಬದಲಿಸಿಕೊಂಡು ನನಗೆ ಕೂಗುತ್ತಾರೆ, ಎಲ್ಲರ ಎದುರಿಗೇ. ನಾಲ್ಕು ದಾಟಿತೆಂದರೆ ಅಂಗೈ ಎತ್ತುತ್ತಾರೆ, ಗಿರಾಕಿ ನಿಲ್ಲಿಸುತ್ತಾನೆ. ಪ್ಲಂಬರುಗಳಿಗೂ ರೂಢಿಯಾಗಿದೆ. ಎರಡು ಪೈಪುಗಳನ್ನು ಕೂಡಿಸುವ ಯೂನಿಯನ್ನಿಗೆ ನೀನು ಗಂಡ-ಹೆಂಡತಿ ಎಂದಿದ್ದೆಯಲ್ಲ, ಬೋಳುತಲೆಯವನು ಮೊನ್ನೆ “ಒಂದು ಗಂಡ-ಹೆಂಡತಿ ಕೊಡಿ ಯಜಮಾನ್ರೇ, ಸೋರಬಾರದು” ಎಂದ. “ಸೋರದೇ ಇರೋ ಗಂಡ-ಹೆಂಡತಿ ಎಲ್ಲಿ ಸಿಗ್ತಾರಯ್ಯಾ” ಎಂದರು ಅಪ್ಪ. ಅವರ ನಗು ಅಟ್ಟದವರೆಗೆ ಕೇಳಿಸಿತು. ಅದನ್ನು ಕೇಳಿ ಎಷ್ಟು ದಿನವಾಗಿತ್ತೋ. ನಾನು ಬಾಯಿಬಿಟ್ಟು ಹೊಗಳುವವನಲ್ಲ, ನಿನಗೆ ಗೊತ್ತು. ಆದರೂ ಇಷ್ಟು ಹೇಳಲೇಬೇಕು. ನೀನು ನಿನ್ನ ಅನುಕೂಲಕ್ಕೆಂದು ಮಾಡಿಕೊಂಡ ಉಪಾಯ ಅಪ್ಪನನ್ನು ಅಪ್ಪನ ಜಾಗದಲ್ಲಿ ತಂದು ಕೂರಿಸಿದೆ. ಇದನ್ನು ನಾನು ಮರೆಯುವುದಿಲ್ಲ.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ, ಕತ್ತಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳಬೇಕಂತೆ. ನನ್ನ ನಮಸ್ಕಾರ.

ನಿನ್ನ ತಮ್ಮ,
(ನೀನಿಟ್ಟ ಹೆಸರಿನಲ್ಲೇ) ವಾಷರ್

ಮತ್ತೊಂದು ಮಾತು, ಲಕೋಟೆ ಅಂಟಿಸುವ ಮುಂಚೆ. ಹೊಸ ಮಾಲು ಬಂದಿದೆ. ಅದರಲ್ಲೊಂದು ಹಿತ್ತಾಳೆಯದು, ಮೂರು ಬಾಯಿ, ಒಂದು ಬಾಲ, ಡಬ್ಬಿಯ ಮೇಲೆ ಎರಡು ಸಾಲಿನ ಹೆಸರು. ನಾನು ‘ಏಡಿ’ ಎಂದೆ, ಅಪ್ಪ ಬೇಡವೆಂದರು. ಬೋಳುತಲೆಯವನು ತನ್ನ ಅತ್ತೆಯ ಹೆಸರು ಸೂಚಿಸಿದ, ಅದೂ ಬೇಡವಂತೆ. “ಹೆಸರಿಡೋಳು ಬರ್ಲಿ” ಎಂದರು. ಫೋಟೋ ಕಳಿಸುತ್ತೇನೆಂದರೆ ಅದಕ್ಕೂ ಒಪ್ಪಲಿಲ್ಲ, ಕೈಯಲ್ಲಿ ಹಿಡಿದು ನೋಡಬೇಕಂತೆ. ಅಲ್ಲಿಯವರೆಗೆ ಮಾರುವ ಹಾಗಿಲ್ಲ. ಕೌಂಟರಿನ ಹಿಂದೆ ತಮ್ಮ ಪಕ್ಕಕ್ಕೆ ಇನ್ನೊಂದು ಸ್ಟೂಲು ಹಾಕಿಸಿ, ಬೇರೆ ಯಾರೂ ಕೂರದಿರಲೆಂದು ಆ ಹಿತ್ತಾಳೆಯದನ್ನು ಅದರ ಮೇಲಿಟ್ಟಿದ್ದಾರೆ.