ವೆಲ್ಷ್ ಮನೆಯೊಡತಿಯ ದಿನಚರಿಗೆ ಬೀಗ

ಹಸ್ತಪ್ರತಿ ವಿಭಾಗದ ಮಾನ್ಯ ಮುಖ್ಯಸ್ಥರೇ,

ತಾವು ಓದಲಾರದ ದಿನಚರಿಗಳನ್ನು ಓದಬಲ್ಲ ವೃದ್ಧೆಯೊಬ್ಬರನ್ನು ತಮ್ಮ ಗ್ರಂಥಾಲಯದ ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿದ್ದೀರಿ. ಈ ಸಾಧನೆಯನ್ನು ನಾಲ್ಕು ಜನರೆದುರು ಕೊಂಡಾಡದಿದ್ದರೆ ಹೇಗೆ? ಇಂಗ್ಲಿಷಿನಲ್ಲಿ ಬರೆದ ಮನವಿಗೆ ತಾವು ಉತ್ತರಿಸಲಿಲ್ಲ. ಆದ್ದರಿಂದ ನನಗೆ ಚೆನ್ನಾಗಿ ಬರುವ ಭಾಷೆಯಲ್ಲಿ, ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ತಮಗೆ ಓದಿ ಹೇಳಲು ಗ್ರಂಥಾಲಯದ ಮುಂಭಾಗದ ಮೇಜಿನ ಬಳಿ ಕೆಲಸಕ್ಕಿರುವ ಹಾಸನದ ಶೈಲಜಾ ಇದ್ದಾರೆ.

ಆ ವೃದ್ಧೆ ನೆಸ್ಟಾ ಪ್ರೈಸ್, ಈ ಪರದೇಶದ ಕ್ಯಾಂಪ್‌ಬೆಲ್ ಊರಿನಲ್ಲಿ ನಮ್ಮ ಪಕ್ಕದ ಮನೆಯವರು, ಹುಟ್ಟಿದ್ದು ವೇಲ್ಸಿನಲ್ಲಿ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿ ಜಮೀನುದಾರರಾಗಿದ್ದ ಅವರ ಪೂರ್ವಿಕರ ದಿನಚರಿಗಳೂ ಕಾಗದಪತ್ರಗಳೂ ಅವರ ಗ್ಯಾರೇಜಿನಲ್ಲಿದ್ದವು. ಕಳೆದ ಚಳಿಗಾಲದ ಮಳೆಗೆ ಸೂರು ಸೋರಿದಾಗ, ಹಾಳಾಗದಿರಲೆಂದು ಎಲ್ಲವನ್ನೂ ತಮಗೆ ದಾನವಾಗಿ ಕೊಟ್ಟರು. ಮನೆಯೊಡೆಯ ಇಂಗ್ಲಿಷಿನಲ್ಲಿ ಬರೆದ ದಿನಚರಿಯನ್ನು ತಾವು ಗಾಜಿನ ಪೆಟ್ಟಿಗೆಯಲ್ಲಿ ಮೆರೆಸಿದಿರಿ. ಮನೆಯೊಡತಿ ಅಲ್ಲಿನ ವೆಲ್ಷ್ ಭಾಷೆಯಲ್ಲಿ ಬರೆದವಕ್ಕೆ ‘ಓದಲಾಗದವು’ ಎಂಬ ಚೀಟಿ ಅಂಟಿಸಿ ಒಳಗೆ ತಳ್ಳಿದಿರಿ. ಯಾರಿಗೆ ಓದಲಾಗದವು, ಸ್ವಾಮಿ? ತಮಗೆ ಕೊಡುವ ಮೊದಲು ನೆಸ್ಟಾ ಅವರು ಆ ಹಳೆಯ ಕೈಬರಹವನ್ನು ಒಂದೊಂದೇ ಪುಟ ಬಿಡಿಸಿ, ಬೇಲಿಯಾಚೆ ನಿಂತು ನನಗೆ ಅರ್ಥ ಹೇಳುತ್ತಿದ್ದರು: ಪಾದ್ರಿಯ ಪ್ರವಚನ ಈ ವಾರವೂ ಮುಗಿಯಲೊಲ್ಲದು, ನಾದಿನಿ ಬಂದಿದ್ದಾಳೆ, ಹೊರಡುವ ಸೂಚನೆಯಿಲ್ಲ, ಕಿರಿಯ ಮಗಳ ಜ್ವರ ಬಿಟ್ಟಿಲ್ಲ. ಅಲ್ಲಿಗೆ ಓದು ನಿಂತಿದೆ. ಇತ್ತ ನೆಸ್ಟಾ ಅವರ ಕಣ್ಣಿನ ಬೆಳಕು ದಿನೇ ದಿನೇ ಕುಂದುತ್ತಿದೆ. ಅದು ಮರಳುವುದಿಲ್ಲವೆಂದು ವೈದ್ಯರು ಹೇಳಿಯಾಗಿದೆ.

ಹೋದ ವಾರ ನಾವಿಬ್ಬರೂ ತಮ್ಮಲ್ಲಿಗೆ ಬಂದೆವು. ಶೈಲಜಾ ಸಂಕೋಚದಿಂದ ಹೇಳಿದರು: “ಅಂಕಲ್, ರೂಲ್ಸು ನಂದಲ್ಲ. ಯೂನಿವರ್ಸಿಟಿ ಲೆಟರ್ ಇದ್ರೆ ಮಾತ್ರ ಒಳಗೆ ಓದೋಕೆ ಕಾರ್ಡು ಕೊಡೋದು.”

“ಇವರ ಮನೆಯದೇ ಪುಸ್ತಕವಮ್ಮಾ.”

“ಈಗ ಲೈಬ್ರರೀದಲ್ವಾ? ನಾನೂ ಒಳಗೆ ಕೇಳ್ದೆ. ಸ್ಕಾಲರ್ ಅಲ್ಲ ಅಂದ್ರೆ ಇಲ್ಲ ಅಂದ್ಬಿಟ್ರು.”

ಇದನ್ನು ನಾನು ಇಂಗ್ಲಿಷಿನಲ್ಲಿ ತಿಳಿಸಿದಾಗ ನೆಸ್ಟಾ ನಕ್ಕುಬಿಟ್ಟರು. ತನ್ನ ಗ್ಯಾರೇಜಿಗೆ ಮಳೆಯೂ ಕಾರ್ಡಿಲ್ಲದೆ ಬರುತ್ತಿತ್ತಂತೆ.

ನವರಾತ್ರಿಯಲ್ಲಿ ನಾವೂ ಪುಸ್ತಕಗಳನ್ನು ಪೂಜೆಗಿಟ್ಟು, ಓದದೆ ಇರುತ್ತೇವೆ. ಇದನ್ನು ಪ್ರಸ್ತಾಪಿಸಿದೊಡನೆ ಶೈಲಜಾ, “ನಮ್ಮನೇಲೂ ಇಡ್ತೀವಲ್ಲ! ಹೋಮ್‌ವರ್ಕು ಇಲ್ಲ ಅಂತ ಮಕ್ಕಳಿಗೆ ಖುಷಿಯೋ ಖುಷಿ” ಎಂದರು. ಆದರೆ ವಿಜಯದಶಮಿಯಂದು ಅವನ್ನು ಹೊರತೆಗೆದು ಒಂದು ಪುಟವನ್ನಾದರೂ ಓದಲೇಬೇಕು. ಓದದಿದ್ದರೆ ಪೂಜೆ ಪೂರ್ಣವಾಗದು. ತಮ್ಮ ಪೂಜೆ ಮಾತ್ರ ನಿರಂತರ. ಹದವಾದ ತಂಪು, ಮಂದವಾದ ಬೆಳಕು, ಮುಟ್ಟಲು ಕೈಗವಸು—ಉಪಚಾರಗಳಿಗೆ ಕೊರತೆಯಿಲ್ಲ, ವಿಜಯದಶಮಿಯೊಂದು ಬರುವುದಿಲ್ಲ. ಇನ್ನೂರು ವರ್ಷ ಇಲಿ, ಗೆದ್ದಲು, ಸಾಗರಗಳನ್ನು ದಾಟಿ ಬಂದ ಆ ಹೆಂಗಸಿನ ಮಾತು ತಮ್ಮ ರಕ್ಷಣೆಗೆ ಸಿಕ್ಕ ಮೇಲೆಯೇ ಮೂಕವಾಗಬೇಕಾಯಿತೆ? ವೆಲ್ಷ್ ಬಲ್ಲ ವಿದ್ವಾಂಸರು ಎಂದಾದರೊಂದು ದಿನ ಬಂದಾರೆಂದು ತಾವು ಕಾಯಬಹುದು. ತಮಗಿನ್ನೂ ವಯಸ್ಸಿದೆ.

ನನ್ನ ಬೇಡಿಕೆ ಇಷ್ಟೆ. ಮುಂದಿನ ತಿಂಗಳ ಮೊದಲ ಸೋಮವಾರ ನಾವು ಮತ್ತೆ ಬರುತ್ತೇವೆ. ಕಿಟಕಿಯ ಪಕ್ಕ ನೆಸ್ಟಾ ಅವರಿಗೊಂದು ಕುರ್ಚಿ ಹಾಕಿಸಿ, ಆ ಸಂಪುಟವನ್ನು ಅವರ ಮುಂದಿಡಿ. ಕಾವಲು ಬೇಕೆನಿಸಿದರೆ ತಾವೇ ಎದುರು ಕುಳಿತುಕೊಳ್ಳಿ. ಜ್ವರದಲ್ಲಿದ್ದ ಆ ಮಗು ಉಳಿಯಿತೋ ಇಲ್ಲವೋ ಎಂಬುದು ತಮಗೂ ತಿಳಿದಂತಾಗುತ್ತದೆ.

ಇಂತಿ,
ಜೀವಮಾನವೆಲ್ಲ ಓದು ಕಲಿಸಿಯೂ ತಮ್ಮಲ್ಲಿ ಓದಲು ಅನರ್ಹನೆನಿಸಿದ,
ಹೊ. ಶೇಷಗಿರಿ
ನಿವೃತ್ತ ಕನ್ನಡ ಅಧ್ಯಾಪಕ
ಕ್ಯಾಂಪ್‌ಬೆಲ್, ಸೆಪ್ಟೆಂಬರ್ 1986