ಜರುಗಿದ ಮೆಟ್ಟಿಲು

17 ಮಾರ್ಚ್ 1964, ಮಂಗಳವಾರ. ಯಲಹಂಕ

ಹಾಳಾದ ಬಿಸಿಲು. ಸಂಗೀತ ಕಾಲೇಜಿಗೆ ಹೋಗುವಾಗ ಬಸ್ಸಿನೊಳಗೆ ಜಾಗವಿಲ್ಲವೆಂದು ವೀಣೆಯನ್ನು ಮೇಲೆ ಹಾಕಿಸಿದ್ದೆ. ತಂತಿಯ ಕೆಳಗಿನ ಮೆಟ್ಟಿಲುಗಳನ್ನು ಕೂರಿಸಿದ ಮೇಣ ಮೆತ್ತಗಾಗಿ, ಎರಡು ಮೆಟ್ಟಿಲು ಜರುಗಿದ್ದವು. ಅದು ತಿಳಿಯದೆ ತರಗತಿಯಲ್ಲಿ ಕಣ್ಣು ಮುಚ್ಚಿಕೊಂಡು ಕಲ್ಯಾಣಿ ನುಡಿಸುತ್ತಲೇ ಹೋದೆ. ಮೇಷ್ಟ್ರು ಕೈಯೆತ್ತಿ ನಿಲ್ಲಿಸಿದರು.

"ಗಾಂಧಾರ ಅಪಸ್ವರ ಬರ್ತಿದೆಯಲ್ಲಮ್ಮ, ನಿಂಗೆ ಕೇಳಿಸ್ತಿಲ್ವಾ?"

ಉಳಿದವರಿಗೆಲ್ಲ ಕೇಳಿಸಿತ್ತಂತೆ. ನಾನು ಮೂರನೆಯ ವರ್ಷದವಳು!

ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ನಮ್ಮಣ್ಣ ಕದಿರಪ್ಪ, "ಅದಕ್ಯಾಕವ್ವಾ ಅಳ್ತೀಯಾ? ಭಾನುವಾರ ಹೊಸ ಮೇಣ ಹಾಕ್ಸೋಣ ಬಿಡು" ಎಂದ. ಅವನಿಗೆ ಏನೆಂದು ಹೇಳಲಿ? ಮೆಟ್ಟಿಲು ಜರುಗಿತೆಂದು ನಾನು ಅಳುತ್ತಿಲ್ಲ.

ಎಲ್ಲರೂ ಮಲಗಿದ ಮೇಲೆ ಅದೇ ಗಾಂಧಾರವನ್ನು ಮೆಲ್ಲಗೆ ಮೀಟಿ ನೋಡಿದೆ. ಮತ್ತೆ ಮೀಟಿದೆ. ನನಗೆ ಈಗಲೂ ಸರಿಯಾಗಿಯೇ ಕೇಳಿಸುತ್ತಿದೆ.