ತ್ಸೋನೆಯ ಓಲೆಯ ಹಿಂಬದಿ

ಶಕ ೨೪೧೧, ಮೂರನೆಯ ಅಧಿಕ ಮಾಸ, ಮೂವತ್ತೊಂದನೆಯ ತಿಥಿ
ನಾರುಮನೆ, ಕೋಲಾರದ ಹಳೆಯ ಗಣಿ

ಓಲೆ ಅಂಟಿಸುವ ಅಣ್ಣನವರಿಗೆ,

ನಮ್ಮ ಪಂಚಾಂಗ ನಿಮಗೆ ತಮಾಷೆಯಾಗಿ ಕಾಣಬಹುದು, ಮಾತು ಒರಟೆನಿಸಬಹುದು, ಕ್ಷಮಿಸಿ. ನೂರಾರು ವರ್ಷ ಹಿಂದೆ ಹಳೆಯ ಓಲೆಗಳನ್ನು ಹಲಗೆಗೆ ಅಂಟಿಸಿಡುತ್ತಿದ್ದ ನಿಮ್ಮ ಹೆಸರು ಗೊತ್ತಿಲ್ಲ, ಅಂಟಿನಲ್ಲಿ ಉಳಿದ ನಿಮ್ಮ ಹೆಬ್ಬೆರಳ ಗುರುತು ಮಾತ್ರ ಗೊತ್ತು. ಹಿಂದಿನ ಕಾಲಕ್ಕೆ ಒಯ್ಯುವ ಹಿಂದಂಚೆಯಲ್ಲಿ ಒಂದೇ ಹಾಳೆಗೆ ಅವಕಾಶ. ಆದ್ದರಿಂದ ಕುಶಲವನ್ನು ಕೊನೆಗಿಟ್ಟು ಕೆಲಸದ ಮಾತನ್ನೇ ಮೊದಲು ಹೇಳುತ್ತೇನೆ: ನಿಮ್ಮ ಮೇಜಿನ ಮೇಲಿರುವ ಈಜಿಪ್ಟಿನ ಓಲೆಯನ್ನು ಹಲಗೆಗೆ ಅಂಟಿಸಬೇಡಿ. ಅದರ ಹಿಂಬದಿಯಲ್ಲಿ ಇರುವುದು ಕೊಳೆಯಲ್ಲ, ಬರಹ.

ನಾರುಮನೆ ಎಂದರೆ ಪಪೈರಸ್ ಎಂಬ ಜೊಂಡಿನ ಹಾಳೆಗಳನ್ನು ಕಾಯುವ ಮನೆ. ಸಮುದ್ರ ಉಕ್ಕಿ ಬಂದ ಮೇಲೆ ದೇಶದೇಶದ ಓಲೆಗಳನ್ನು ಈ ಒಣ ಸುರಂಗಕ್ಕೆ ತಂದರು. ಇಲ್ಲಿ ಬೆಳಕಿಗೂ ಪಾಳಿ ಇದೆ. ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಕೆಲಸ. ಊಟಕ್ಕೆ ಮುದ್ದೆ, ಹುರುಳಿ ಸಾರು. ಹುಣಸೆಹಣ್ಣು ಮಾತ್ರ ಒಳಗೆ ಬಿಡುವುದಿಲ್ಲ, ಹುಳಿಯ ಆವಿ ನಾರನ್ನು ತಿನ್ನುತ್ತದಂತೆ. ನನಗೆ ನಂಬಿಕೆಯಿಲ್ಲ, ನಮ್ಮ ಮೇಲ್ವಿಚಾರಕರಿಗೆ ಹುಳಿ ಸೇರುವುದಿಲ್ಲ, ಅಷ್ಟೆ.

ಆ ಓಲೆ ಬರೆಸಿದವಳು ತ್ಸೋನೆ, ನೈಲ್ ದಡದ ಕಾಪ್ಟಿಕ್ ಕ್ರೈಸ್ತ ಹೆಂಗಸು. ಬರೆಸಿದ್ದು ಮಠದಲ್ಲಿ ಸನ್ಯಾಸಿಯಾಗಿದ್ದ ಅಣ್ಣ ಫಾಮನಿಗೆ. ಅವರ ರೂಢಿಯೂ ನಮ್ಮ ಹಿರಿಯರ ಉಭಯ ಕುಶಲೋಪರಿಯ ಹಾಗೆಯೇ: ಮೊದಲು ಎಲ್ಲರ ಕ್ಷೇಮ ಕೇಳಬೇಕು, ಯಾರನ್ನೂ ಬಿಡುವಂತಿಲ್ಲ. ಹಿರಿಯ ಸನ್ಯಾಸಿ, ಅಡುಗೆಯವನು, ಬಾಗಿಲು ಕಾಯುವವನು, ಕೊನೆಗೆ ಮಠದ ಕುಂಟ ಕತ್ತೆಯೂ ಬಂತು. ಹಾಳೆ ಮುಗಿಯುವ ಹೊತ್ತಿಗೆ ವಿಷಯ: ‘ಮಗನಿಗೆ ಜ್ವರ ಬಿಟ್ಟರೆ ಮಠಕ್ಕೆ ಕೊಡುತ್ತೇನೆಂದು ಹರಕೆ ಹೊತ್ತಿದ್ದೆ. ಜ್ವರ ಬಿಟ್ಟಿದೆ. ಈಗ, ಅಣ್ಣಾ, ಆ ಹರಕೆಯನ್ನು...’ ಮುಂದಿನದು ಹಿಂಬದಿಯಲ್ಲಿ. ನಿಮ್ಮ ಅಂಟು ನಾರಿನೊಳಗೆ ಇಳಿದು ಹಲಗೆ, ಓಲೆ ಎರಡೂ ಒಂದಾಗಿವೆ. ನಮ್ಮ ಯಾವ ಉಪಕರಣಕ್ಕೂ ಅದನ್ನು ಬಿಡಿಸಲಾಗಲಿಲ್ಲ.

ನಮ್ಮ ಕಾಲದಲ್ಲೂ ಹರಕೆಯಿದೆ. ಧೂಳುಜ್ವರ ಬಂದು ಉಳಿದ ಮಗುವನ್ನು ನಾರುಮನೆಗೆ ಒಪ್ಪಿಸುತ್ತಾರೆ. ಇದಕ್ಕೆ ‘ಇಳಿಸುವುದು’ ಎನ್ನುತ್ತೇವೆ. ನನ್ನನ್ನು ಅಮ್ಮ ಚೌಡಮ್ಮ ಹಾಗೆಯೇ ಇಳಿಸಿದಳು. ತಾಯಿ ಬಂದು ಕೇಳಿದರೆ ಮಗುವನ್ನು ಬಿಡಬೇಕೆಂಬ ನಿಯಮವೇನೋ ಇದೆ. ಯಾರೂ ಕೇಳುವುದಿಲ್ಲ, ಕೇಳಿದರೆ ಜ್ವರ ಮರಳಿ ಬರುತ್ತದೆಂಬ ಭಯ. ಹಬ್ಬಕ್ಕೊಮ್ಮೆ ಅಮ್ಮ ಗಣಿಯ ಬಾಯಿಗೆ ಬರುತ್ತಾಳೆ. ಒಮ್ಮೆ ಅವಳಿಗೆ ತ್ಸೋನೆಯ ಕಥೆ ಹೇಳಿದೆ. ಅಂದಿನಿಂದ ನನ್ನ ಕ್ಷೇಮಕ್ಕಿಂತ ಮೊದಲು, “ಆಯಮ್ಮ ಮಗನ್ನ ಕೊಟ್ಬಿಟ್ಳಾ, ಇಲ್ಲಾ ತನಗೇ ಬೇಕು ಅಂತ ಕೇಳಿದ್ಳಾ? ಹಿಂದ್ಗಡೆ ಏನೈತೆ ನೋಡಮ್ಮಾ” ಎನ್ನುತ್ತಾಳೆ. ಇನ್ನೂ ತಿಳಿದಿಲ್ಲ ಎಂದರೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೊರಡುತ್ತಾಳೆ. ನನಗೆ ಅವಳ ಮೇಲೆ ಸಿಟ್ಟೂ ಇದೆ, ಅವಳು ಬಾರದ ಹಬ್ಬದ ಹೆದರಿಕೆಯೂ ಇದೆ.

ಅಣ್ಣಾ, ಹಾಳೆ ತಿರುಗಿಸಿ. ಓದಬಲ್ಲವರಿಗೆ ತೋರಿಸಿ, ಅವರು ಹೇಳಿದ್ದನ್ನು ಹಲಗೆಯ ಮೇಲೆ ಬರೆದಿಡಿ. ತ್ಸೋನೆ ಮಗನನ್ನು ಕೇಳಿದ್ದಳೆಂದು ಗೊತ್ತಾದರೆ ನನ್ನಮ್ಮನೂ ಬಾಯಿಬಿಟ್ಟು ಕೇಳಿಯಾಳು.

ಇನ್ನು ಕುಶಲ. ನಾನು ಇಲ್ಲಿ ಕ್ಷೇಮ. ನಿಮ್ಮ ಮನೆಯವರೆಲ್ಲ ಕ್ಷೇಮವೆಂದು ನಂಬಿದ್ದೇನೆ. ಮೇಲೆ ಬಿಸಿಲು ಹೇಗಿದೆ?

ಚೌಡಮ್ಮನ ಮಗಳು
ಮುನಿತಾಯಿ